ಪೆನ್‌ಡ್ರೈವ್‌ಗೆ ಸಾಫ್ಟ್‌ವೇರ್ ಹಾಕಿ ಕೊಡುವ ಮುನ್ನ

ನಮ್ಮ ಕಡೆ ಸಾಫ್ಟ್‌ವೇರ್ ಇವತ್ತಿಗೂ ಪೆನ್‌ಡ್ರೈವ್‌ನಲ್ಲೇ ಊರೂರು ತಿರುಗುತ್ತದೆ. ಬೆಂಗಳೂರಿನವರಿಗೆ ಇದು ಹಳೇ ಕಾಲದ ಮಾತು ಅನ್ನಿಸಬಹುದು. ಜೋಯಿಡಾದ ಒಳಗಿನ ಹಳ್ಳಿಗಳಿಗೆ ಹೋಗಿ ನೋಡಿ, ಇಲ್ಲಾ ಸಿದ್ದಾಪುರದ ಘಟ್ಟದಂಚಿಗೆ. ಮಳೆ ಹಿಡಿಯಿತು ಅಂದರೆ ಮೊದಲು ಕರೆಂಟು ಹೋಗುತ್ತದೆ, ಅದರ ಹಿಂದೆಯೇ ಮೊಬೈಲ್ ಟವರ್. ಪತ್ರ, ಲೆಕ್ಕ ಮಾಡುವ ಉಚಿತ ಸಾಫ್ಟ್‌ವೇರ್ ಲಿಬ್ರೆ ಆಫೀಸ್ 300 ಎಂಬಿಗೂ ಜಾಸ್ತಿ ಇದೆ. ಅಲ್ಲಿ ಅದನ್ನು ಇಳಿಸಿಕೊಳ್ಳುವುದು ರಾತ್ರಿಯಿಡೀ ಕೆಲಸ. ಹಾಗಾಗಿ ಪೇಟೆಗೆ ಬಂದವರು ನಮ್ಮಂಥವರ ಅಂಗಡಿಗೆ ಬಂದು, "ಬೇಕಾಗಿದ್ದನ್ನೆಲ್ಲ ಒಂದರಲ್ಲೇ ಹಾಕಿಕೊಡಿ" ಅನ್ನುತ್ತಾರೆ.

ನಾನು ಸಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತೇನೆ. ಜೊತೆಗೆ ಒಂದಿಷ್ಟು ಡಿಟಿಪಿ ಕೆಲಸ. ಶಾಲೆ ಶುರುವಾಗುವ ಹೊತ್ತಿಗೆ ಮೇಷ್ಟ್ರುಗಳಿಗೆ ಇಂಥ ಪೆನ್‌ಡ್ರೈವ್ ಮಾಡಿಕೊಡುವುದು ವರ್ಷವೂ ಇದ್ದದ್ದೇ. ಅದನ್ನು ಕಾನೂನಿಗೆ ಸರಿಯಾಗಿ ಹೇಗೆ ಮಾಡುವುದು ಅಂತ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ಅಂಗಡಿ ಇಟ್ಟವರಿಗೆ, ಶಾಲೆಯ ಲ್ಯಾಬ್ ನೋಡಿಕೊಳ್ಳುವವರಿಗೆ, ಮತ್ತೆ ಪ್ರತಿ ಕುಟುಂಬದಲ್ಲೂ ಒಬ್ಬ 'ಕಂಪ್ಯೂಟರ್ ಗೊತ್ತಿರುವ ಅಳಿಯ' ಇರುತ್ತಾನಲ್ಲ, ಅವನಿಗೆ. ಕೇಸು ಗೀಸು ಅಂತಾದರೆ ಮಾತ್ರ ವಕೀಲರ ಹತ್ತಿರವೇ ಹೋಗಿ.

ಕಾನೂನು ಏನು ಹೇಳುತ್ತದೆ

ಬಳಸಲು ಅನುಮತಿ ಬೇರೆ, ಹಂಚಲು ಅನುಮತಿ ಬೇರೆ. ದುಡ್ಡು ಕೊಡದೆ ಇಳಿಸಿಕೊಂಡದ್ದನ್ನೆಲ್ಲ ಹತ್ತು ಜನಕ್ಕೆ ಕಾಪಿ ಮಾಡಿ ಕೊಡಬಹುದು ಅಂತಿಲ್ಲ. ತೋಟದ ಫಸಲು ಗುತ್ತಿಗೆ ಹಿಡಿದವನು ಅಡಿಕೆ ಕೊನೆ ಕೊಯ್ಯಬಹುದು, ಆದರೆ ತೋಟವನ್ನು ಇನ್ನೊಬ್ಬರಿಗೆ ಬರೆದುಕೊಡಲು ಬರುವುದಿಲ್ಲ, ಅಲ್ವಾ? ಇದೂ ಅಷ್ಟೆ.

ನಮಗೆ ಅನ್ವಯಿಸುವುದು 1957ರ ಕಾಪಿರೈಟ್ ಕಾಯ್ದೆ. 1984ರ ತಿದ್ದುಪಡಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಗಳ ಸಾಲಿಗೆ ಸೇರಿತು. ಕಥೆ, ಕಾದಂಬರಿಗೆ ಇರುವ ರಕ್ಷಣೆ ಇದಕ್ಕೂ ಇದೆ. ಬರೆದವರು ಎಲ್ಲೂ ನೋಂದಣಿ ಮಾಡಿಸಿರಬೇಕಿಲ್ಲ. ಮೂಲೆಯಲ್ಲಿ ಆ ಗುಂಡಗಿನ 'ಸಿ' ಗುರುತೂ ಬೇಕಿಲ್ಲ. ಬರೆದಾಗಲೇ ಹಕ್ಕು ಬಂತು.

ಹಕ್ಕಿಲ್ಲದೆ ಕಾಪಿ ಮಾಡಿ ಹಂಚಿದರೆ 63ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಕಳ್ಳ ಕಾಪಿ ಅಂತ ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದವರಿಗೆ 63ಬಿ ಇದೆ. ಅಲ್ಲಿ ಜೈಲು 7 ದಿನದಿಂದ ಶುರು, ದಂಡ ಮೇಲೆ ಹೇಳಿದಷ್ಟೇ. ಲಾಭಕ್ಕಲ್ಲದೆ, ವ್ಯಾಪಾರಕ್ಕಲ್ಲದೆ ಬಳಸಿದವರಿಗೆ ಕೋರ್ಟ್ ಜೈಲು ಬಿಟ್ಟು 50 ಸಾವಿರದೊಳಗಿನ ದಂಡದಲ್ಲಿ ಮುಗಿಸಬಹುದು. ಅಂಗಡಿ ಬೋರ್ಡು ಹಾಕಿಕೊಂಡು ಕೂತ ನಾವು ಆ ರಿಯಾಯಿತಿ ನೆಚ್ಚಿಕೊಳ್ಳಬಾರದು. ನಮ್ಮದು ವ್ಯಾಪಾರವೇ.

ಒಂದು ಅನುಕೂಲವೂ ಇದೆ. ಸರಿಯಾಗಿ ಪಡೆದುಕೊಂಡ ಸಾಫ್ಟ್‌ವೇರ್ ಹಾಳಾಗಬಹುದು, ಕಳೆದುಹೋಗಬಹುದು ಅಂತ ಬ್ಯಾಕಪ್ ಕಾಪಿ ಮಾಡಿಟ್ಟುಕೊಳ್ಳಲು 52ನೇ ಸೆಕ್ಷನ್ ಬಿಡುತ್ತದೆ. ಆ ಕಾಪಿ ನಿಮ್ಮ ಕಪಾಟಿನಲ್ಲಿರಬೇಕು. ಭಾವನ ಲ್ಯಾಪ್‌ಟಾಪಿಗೆ ಹೋದರೆ ಅದು ಬ್ಯಾಕಪ್ ಅಲ್ಲ.

ಲೈಸೆನ್ಸ್ ಎಲ್ಲಿ ಹುಡುಕುವುದು, ಏನನ್ನು ಓದುವುದು

ಬಳಸಲು, ಹಂಚಲು ಏನು ಅನುಮತಿ ಅಂತ ಬರೆದಿರುವ ಷರತ್ತುಪತ್ರವೇ ಲೈಸೆನ್ಸ್. ಇಡೀ ಲೈಸೆನ್ಸ್ ಓದಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಓದುವುದೂ ಇಲ್ಲ ನೀವು. ಪ್ರೋಗ್ರಾಂ ತೆರೆದು ಹೆಲ್ಪ್ ಮೆನುವಿನಲ್ಲಿ ಅಬೌಟ್ ಒತ್ತಿ, ಅಲ್ಲಿ ಲೈಸೆನ್ಸಿನ ಹೆಸರು ಸಿಗುತ್ತದೆ. ಇಲ್ಲದಿದ್ದರೆ ಇನ್‌ಸ್ಟಾಲ್ ಆದ ಫೋಲ್ಡರಿನಲ್ಲಿ ಲೈಸೆನ್ಸ್ ಅಂತಲೋ ಕಾಪಿಯಿಂಗ್ ಅಂತಲೋ ಹೆಸರಿರುವ ಫೈಲ್ ಇರುತ್ತದೆ. ಅದೂ ಇಲ್ಲದಿದ್ದರೆ ಕಂಪನಿಯ ವೆಬ್‌ಸೈಟಿನ ತಳದಲ್ಲಿ ಟರ್ಮ್ಸ್ ಅನ್ನುವ ಲಿಂಕ್. ಫೈಲ್ ತೆರೆದ ಮೇಲೆ ಕಂಟ್ರೋಲ್ ಮತ್ತು ಎಫ್ ಒತ್ತಿ ಮೂರ್ನಾಲ್ಕು ಇಂಗ್ಲಿಷ್ ಪದ ಹುಡುಕಿ: ಡಿಸ್ಟ್ರಿಬ್ಯೂಟ್, ಕಾಪೀಸ್, ಪರ್ಸನಲ್, ಕಮರ್ಷಿಯಲ್. ಆ ಪದಗಳಿರುವ ಪ್ಯಾರಾ ಮಾತ್ರ ನಿಧಾನವಾಗಿ ಓದಿ. ನಮಗೆ ಬೇಕಾದ ಉತ್ತರ ಹೆಚ್ಚಾಗಿ ಅಲ್ಲೇ ಇರುತ್ತದೆ.

ಪರ್ಸನಲ್ ಯೂಸ್ ಓನ್ಲಿ ಅಂತ ಕಂಡರೆ ನಿಲ್ಲಿ. ದೂರದಿಂದ ಇನ್ನೊಬ್ಬರ ಕಂಪ್ಯೂಟರ್ ನೋಡುವ ಎನಿಡೆಸ್ಕ್, ಟೀಮ್‌ವ್ಯೂವರ್ ಇವೆಲ್ಲ ಮನೆ ಬಳಕೆಗೆ ಮಾತ್ರ ಉಚಿತ. ಅದನ್ನು ಸೊಸೈಟಿಯ ಕಂಪ್ಯೂಟರಿಗೆ ಹಾಕಿದರೆ ಹಂಚುವ ಮಾತಿರಲಿ, ಬಳಸುವುದೇ ತಪ್ಪಾಯಿತು.

ಲೈಸೆನ್ಸ್ ಫೈಲೇ ಇಲ್ಲದಿದ್ದರೆ? ಕಾಲೇಜು ಹುಡುಗರು ಕೇಳುವ ಪ್ರಶ್ನೆ ಇದು. ಪ್ರೋಗ್ರಾಂ ಬರೆಯುವವರು ಕೋಡ್ ಹಾಕಿಡುವ ಗಿಟ್‌ಹಬ್ ಸೈಟಿನಲ್ಲಿ ಯಾರೋ ಹಾಕಿದ ಲೈಬ್ರರಿ ಮ್ಯಾನೇಜ್‌ಮೆಂಟ್ ಪ್ರಾಜೆಕ್ಟ್ ಸಿಕ್ಕಿತು, ಲೈಸೆನ್ಸ್ ಏನೂ ಬರೆದಿಲ್ಲ, ಹಾಗಾದರೆ ಯಾರು ಬೇಕಾದರೂ ತಗೋಬಹುದಲ್ಲ ಅಂತ. ಲೆಕ್ಕ ಉಲ್ಟಾ ಇದೆ. ಏನೂ ಬರೆದಿಲ್ಲ ಅಂದರೆ ಎಲ್ಲ ಹಕ್ಕೂ ಬರೆದವರದ್ದೇ. ಗಿಟ್‌ಹಬ್‌ನಲ್ಲಿ ನೋಡಬಹುದು, ಅಲ್ಲೇ ಫೋರ್ಕ್ ಮಾಡಿಕೊಳ್ಳಬಹುದು, ಅಂದರೆ ಆ ಸೈಟಿನಲ್ಲೇ ನಮ್ಮ ಖಾತೆಗೆ ಒಂದು ಕಾಪಿ. ಪೆನ್‌ಡ್ರೈವ್‌ಗೆ ಹಾಕಿ ಶಾಲೆಗೆ ಕೊಡಬೇಕಾದರೆ ಬರೆದವರಿಗೆ ಒಂದು ಮೇಲ್ ಹಾಕಿ ಕೇಳಿ. ಖುಷಿಯಿಂದ ಒಂದು ಲೈಸೆನ್ಸ್ ಸೇರಿಸುವವರೂ ಇದ್ದಾರೆ.

ಧೈರ್ಯವಾಗಿ ಹಾಕಬಹುದಾದದ್ದು, ಅದರ ಜೊತೆಗಿನ ಷರತ್ತು

ನನ್ನ ಪೆನ್‌ಡ್ರೈವ್‌ನಲ್ಲಿ ಇರುವುದು ಸಿನಿಮಾ ನೋಡಲು ವಿಎಲ್‌ಸಿ, ಫೋಟೋ ತಿದ್ದಲು ಗಿಂಪ್, ಚಿತ್ರ ಬರೆಯಲು ಇಂಕ್‌ಸ್ಕೇಪ್, ಧ್ವನಿಗೆ ಆಡಾಸಿಟಿ, ಚಿಕ್ಕ ಮಕ್ಕಳಿಗೆ ಟಕ್ಸ್ ಪೇಂಟ್, ಲಿಬ್ರೆ ಆಫೀಸ್, ಫೈಲ್ ಕಟ್ಟಿ ಬಿಚ್ಚಲು 7-ಜಿಪ್, ನೆಟ್ ನೋಡಲು ಫೈರ್‌ಫಾಕ್ಸ್. ಎಲ್ಲವೂ ಹಂಚಬಹುದಾದವು. ಆದರೆ ಷರತ್ತು ಒಂದೇ ಥರ ಇಲ್ಲ.

ಮೊದಲ ಐದೂ ಜಿಪಿಎಲ್ (ಜನರಲ್ ಪಬ್ಲಿಕ್ ಲೈಸೆನ್ಸ್) ಅನ್ನುವ ಲೈಸೆನ್ಸಿನವು. ಜಿಪಿಎಲ್‌ನ ಎರಡನೇ ಆವೃತ್ತಿ 1991ರದ್ದು, ಮೂರನೆಯದು 2007ರದ್ದು. ಕಾಪಿ ಮಾಡಿ, ಹಂಚಿ, ಬೇಕಾದರೆ ಹಣ ತಗೊಂಡೇ ಕೊಡಿ, ಅಡ್ಡಿಯಿಲ್ಲ. ಪ್ರತಿಯಾಗಿ ಅದು ಕೇಳುವುದು ಎರಡು. ಲೈಸೆನ್ಸ್ ಪಠ್ಯ ಜೊತೆಗಿರಬೇಕು. ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂ ಬರೆದ ಮೂಲ ಪಠ್ಯ, ಅದೂ ಪಡೆದವರ ಕೈಗೆ ಸಿಗುವಂತಿರಬೇಕು. ನಮ್ಮವರು ಬಿಡುವುದು ಈ ಎರಡನೆಯದನ್ನೇ. "ಸೋರ್ಸ್ ಯಾರು ಕೇಳ್ತಾರೆ ಮಾರಾಯ್ರೆ, ಅವರಿಗೆ ಸಿನಿಮಾ ಓಡಿದರೆ ಸಾಕು" ಅಂತ ನನ್ನ ಸ್ನೇಹಿತರೇ ನಗುತ್ತಾರೆ. ನಿಜ, ನನ್ನ ಹತ್ತಿರವೂ ಯಾವ ಮೇಷ್ಟ್ರೂ ಕೇಳಿಲ್ಲ. ಆದರೂ ಆ ಸಾಫ್ಟ್‌ವೇರ್ ನಮಗೆ ಬಂದಿರುವುದೇ ಆ ಷರತ್ತಿನ ಮೇಲೆ. ಷರತ್ತು ಬಿಟ್ಟರೆ ಹಂಚುವ ಅನುಮತಿಯೂ ಹೋಯಿತು.

ದೊಡ್ಡ ಕಂಪನಿಗಳಿಗೂ ಇದು ತಟ್ಟಿದೆ. ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ಅನ್ನುವ ವೈಫೈ ರೌಟರ್ ಒಳಗೆ ಜಿಪಿಎಲ್ ಅಡಿಯ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಇತ್ತು, ಸೋರ್ಸ್ ಮಾತ್ರ ಕೊಟ್ಟಿರಲಿಲ್ಲ. ಜನ ಹಿಡಿದು ಕೇಳಿದ ಮೇಲೆ 2003ರಲ್ಲಿ ಕೊಡಬೇಕಾಯಿತು. ಆ ಕೋಡಿನಿಂದಲೇ ರೌಟರಿಗೆ ಹಾಕುವ ಓಪನ್ ಡಬ್ಲ್ಯುಆರ್‌ಟಿ ಅನ್ನುವ ಮುಕ್ತ ಸಾಫ್ಟ್‌ವೇರ್ ಹುಟ್ಟಿತು. ಹಳೇ ರೌಟರುಗಳಿಗೆ ನಾನು ಇವತ್ತೂ ಅದನ್ನೇ ಹಾಕುವುದು.

ಸೋರ್ಸ್ ಕೊಡುವುದು ಏನೂ ಕಷ್ಟದ ಕೆಲಸ ಅಲ್ಲ. ಸುಲಭದ ದಾರಿ ಅಂದರೆ ಪೆನ್‌ಡ್ರೈವ್‌ನಲ್ಲೇ ಸೋರ್ಸ್ ಅಂತ ಒಂದು ಫೋಲ್ಡರ್ ಮಾಡಿ, ಆಯಾ ಪ್ರಾಜೆಕ್ಟಿನ ಸೈಟಿನಿಂದ ಸೋರ್ಸ್ ಕಟ್ಟು ಇಳಿಸಿ ಹಾಕಿಬಿಡುವುದು. ಇನ್‌ಸ್ಟಾಲರ್ ಯಾವ ಆವೃತ್ತಿಯೋ ಸೋರ್ಸ್ ಕೂಡ ಅದೇ ಆವೃತ್ತಿಯದ್ದಾಗಿರಲಿ. ಇವತ್ತಿನ 32 ಜಿಬಿ ಪೆನ್‌ಡ್ರೈವ್‌ಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು ದಾರಿ, ಬರೆದು ಕೊಡುವ ಭರವಸೆ. ಜಿಪಿಎಲ್ ಎರಡರ ಪ್ರಕಾರ ಅದು ಕಡಿಮೆ ಅಂದರೂ 3 ವರ್ಷ ಊರ್ಜಿತದಲ್ಲಿರಬೇಕು, ಕೊಟ್ಟು ಕಳಿಸುವ ಖರ್ಚಿಗಿಂತ ಜಾಸ್ತಿ ಕೇಳಬಾರದು. ಒಂದು ಟೆಕ್ಸ್ಟ್ ಫೈಲಿನಲ್ಲಿ ಹೀಗೆ ಬರೆದರೆ ಸಾಕು: "ಇದರಲ್ಲಿರುವ ಜಿಪಿಎಲ್ ಸಾಫ್ಟ್‌ವೇರ್‌ಗಳ ಸೋರ್ಸ್ ಕೋಡ್ ಬೇಕಾದವರು ಯಾರೇ ಆಗಲಿ, ಇವತ್ತಿನಿಂದ 3 ವರ್ಷದೊಳಗೆ ನಮ್ಮ ಅಂಗಡಿಗೆ ತಿಳಿಸಿ. ಪೆನ್‌ಡ್ರೈವ್ ಮತ್ತು ಅಂಚೆ ಖರ್ಚು ಮಾತ್ರ ಪಡೆದು ಕೊಡುತ್ತೇವೆ." ಅಂಗಡಿ ವಿಳಾಸ, ತಾರೀಖು ಹಾಕಿ. ನನಗೆ ಮೂರು ವರ್ಷ ನೆನಪಿಟ್ಟುಕೊಳ್ಳುವ ಉಸಾಬರಿ ಬೇಡ. ಹಾಗಾಗಿ ಮೊದಲ ದಾರಿಯೇ ಇಷ್ಟ. ಕೊಟ್ಟೆ, ಮುಗಿಯಿತು.

ಲಿಬ್ರೆ ಆಫೀಸ್ ಎಂಪಿಎಲ್ 2.0 ಅನ್ನುವ ಲೈಸೆನ್ಸಿನ ಅಡಿಯಲ್ಲಿದೆ, ಅದು ಸ್ವಲ್ಪ ಮೆತ್ತಗೆ. ಸೋರ್ಸ್ ಎಲ್ಲಿ, ಹೇಗೆ ಸಿಗುತ್ತದೆ ಅಂತ ಪಡೆದವರಿಗೆ ತಿಳಿಸಬೇಕು. ನಾನು ಲಿಂಕ್ ಬರೆದಿಡುತ್ತೇನೆ. ಎಂಐಟಿ, ಬಿಎಸ್‌ಡಿ ಲೈಸೆನ್ಸಿನವು ಇನ್ನೂ ಸಲೀಸು. ಬರೆದವರ ಹೆಸರಿರುವ ಸಾಲು ಮತ್ತು ಲೈಸೆನ್ಸ್ ಪಠ್ಯ ತೆಗೆಯಬಾರದು, ಅಷ್ಟೆ. 7-ಜಿಪ್ ಬಹುಪಾಲು ಎಲ್‌ಜಿಪಿಎಲ್, ಅಂದರೆ ಜಿಪಿಎಲ್‌ನ ಸಡಿಲ ರೂಪ. ಅದರಲ್ಲಿ ರಾರ್ ಫೈಲ್ ಬಿಚ್ಚುವ ಭಾಗವೊಂದಕ್ಕೆ ಬೇರೆ ಷರತ್ತಿದೆ: ಆ ಕೋಡ್ ನೋಡಿಕೊಂಡು ರಾರ್ ಕಟ್ಟುವ ಪ್ರೋಗ್ರಾಂ ಬರೆಯಬಾರದು. ಸಿರಸಿಯಲ್ಲಿ ಕೂತು ಯಾರೂ ಅದನ್ನು ಮಾಡಲಿಕ್ಕಿಲ್ಲ, ಬಿಡಿ.

ಫೈರ್‌ಫಾಕ್ಸ್ ವಿಷಯ ಸ್ವಲ್ಪ ಬೇರೆ. ಕೋಡ್ ಮುಕ್ತ, ಆದರೆ ಹೆಸರು ಮತ್ತು ನರಿಯ ಚಿತ್ರ ಅದನ್ನು ಮಾಡುವ ಮೊಜಿಲ್ಲಾದ ಟ್ರೇಡ್‌ಮಾರ್ಕ್. ಅವರು ಕೊಟ್ಟ ಇನ್‌ಸ್ಟಾಲರನ್ನು ಒಂದಕ್ಷರ ಬದಲಿಸದೆ, ಅದಕ್ಕೆ ಬೆಲೆ ಕಟ್ಟದೆ ಹಂಚಬಹುದು. ಬದಲಿಸಿದ್ದನ್ನು ಫೈರ್‌ಫಾಕ್ಸ್ ಹೆಸರಲ್ಲೇ ಕೊಡಬೇಕಾದರೆ ಅವರ ಒಪ್ಪಿಗೆ ಬೇಕು. ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ನವರಿಗೂ ಮೊಜಿಲ್ಲಾದವರಿಗೂ ಈ ವಿಷಯಕ್ಕೇ ತಕರಾರಾಗಿತ್ತು. ಡೆಬಿಯನ್‌ನವರು 2006ರಲ್ಲಿ ತಮ್ಮಲ್ಲಿನ ಫೈರ್‌ಫಾಕ್ಸ್‌ನ ಹೆಸರನ್ನೇ ಐಸ್‌ವೀಸಲ್ ಅಂತ ಬದಲಿಸಿಕೊಂಡರು. ಮತ್ತೆ ಫೈರ್‌ಫಾಕ್ಸ್ ಅಂತಾದದ್ದು 2016ರಲ್ಲಿ. ಅಂಗಡಿಯ ಲೋಗೋ ಬರುವ ಹಾಗೆ ಇನ್‌ಸ್ಟಾಲರ್ ತಿದ್ದುವ ಚಪಲ ನಮ್ಮ ಹುಡುಗರಿಗೆ ಜಾಸ್ತಿ. ಅದನ್ನು ಬಿಡಿ.

ಲಿನಕ್ಸ್‌ನ ಇನ್ನೊಂದು ಬಗೆ ಉಬುಂಟು ಕೂಡ ಹಾಗೇ. ಹಾಗಿದ್ದಂತೆ ಕಾಪಿ ಮಾಡಿ ಕೊಡಬಹುದು. ಒಳಗೆ ಬದಲಾಯಿಸಿ ಅದೇ ಹೆಸರಲ್ಲಿ ಹಂಚಲು ಕೆನಾನಿಕಲ್ ಕಂಪನಿಯ ಒಪ್ಪಿಗೆ ಬೇಕು. ಒಂದು ಕಾಲದಲ್ಲಿ ಅವರೇ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸುತ್ತಿದ್ದರು, 2011ರ ತನಕ. ಆ ಸಿಡಿಗಳ ಕವರುಗಳು ನಮ್ಮ ಅಂಗಡಿಯ ಅಟ್ಟದಲ್ಲಿ ಇನ್ನೂ ಇವೆ. ಇಲಿ ಬಿಟ್ಟಿದ್ದರೆ.

ಫಾಂಟಿನ ತಲೆನೋವು

ಸಾಫ್ಟ್‌ವೇರಿಗಿಂತ ಜಾಸ್ತಿ ಗೊಂದಲ ಇರುವುದು ಫಾಂಟಿನಲ್ಲಿ. ಫಾಂಟ್ ಕೂಡ ಸಾಫ್ಟ್‌ವೇರೇ ಅನ್ನುವುದು ಡಿಟಿಪಿ ಮಾಡುವವರಲ್ಲಿ ಬಹಳ ಜನಕ್ಕೆ ಹೊಳೆಯುವುದಿಲ್ಲ. ಮದುವೆ ಕರೆಯೋಲೆ ಮಾಡಿ ಹುಬ್ಬಳ್ಳಿಯ ಪ್ರೆಸ್ಸಿಗೆ ಕಳಿಸುವಾಗ ಫೈಲಿನ ಜೊತೆ ಫಾಂಟನ್ನೂ ಜಿಪ್ ಮಾಡಿ ಕಳಿಸುವುದು ಇಲ್ಲಿನ ರೂಢಿ. ಜಾತ್ರೆಯ ಹೊತ್ತಿಗಂತೂ ಬ್ಯಾನರ್ ಮಾಡುವವರ ನಡುವೆ '300 ಕನ್ನಡ ಫಾಂಟ್' ಅನ್ನುವ ಕಟ್ಟು ವಾಟ್ಸಾಪಿನಲ್ಲಿ ಓಡಾಡುತ್ತದೆ. ಅದರಲ್ಲಿ ಯಾವುದು ಯಾರದ್ದು ಅಂತ ಕಳಿಸಿದವರಿಗೂ ಗೊತ್ತಿಲ್ಲ.

ನಾನು ಪಾಲಿಸುವುದು ಇಷ್ಟು. ತುಂಗಾ, ನಿರ್ಮಲಾ ಯುಐ ಇವು ವಿಂಡೋಸ್ ಜೊತೆ ಬರುವ ಮೈಕ್ರೋಸಾಫ್ಟ್ ಫಾಂಟುಗಳು. ಫೈಲ್ ಎತ್ತಿ ಇನ್ನೊಬ್ಬರಿಗೆ ಕೊಡುವಂತಿಲ್ಲ. ನೋಟೋ ಸಾನ್ಸ್ ಕನ್ನಡ, ಲೋಹಿತ್ ಕನ್ನಡ, ಬಾಲೂ ತಮ್ಮ ಇವೆಲ್ಲ ಓಪನ್ ಫಾಂಟ್ ಲೈಸೆನ್ಸಿನಲ್ಲಿವೆ. ಆ ಲೈಸೆನ್ಸ್ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕಾಪಿ ಮಾಡಿ ಕೊಡಿ, ಪ್ರೆಸ್ಸಿಗೆ ಕಳಿಸಿ, ಸಾಫ್ಟ್‌ವೇರಿನ ಜೊತೆ ಕಟ್ಟಿ. ಫಾಂಟನ್ನೇ ಬಿಡಿಯಾಗಿ ಮಾರಬಾರದು, ಲೈಸೆನ್ಸ್ ಫೈಲ್ ಜೊತೆಗಿರಬೇಕು. ಕಾದಿರಿಸಿದ ಹೆಸರು ಅಂತ ಏನಾದರೂ ಬರೆದಿದ್ದರೆ, ತಿದ್ದಿದ ಫಾಂಟಿಗೆ ಆ ಹೆಸರು ಇಡುವಂತಿಲ್ಲ. ಆ ಫಾಂಟಿನಲ್ಲಿ ನೀವು ಮಾಡಿದ ಕರೆಯೋಲೆಗೆ ಯಾವ ಷರತ್ತೂ ಇಲ್ಲ.

ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರನ್ನು ಕನ್ನಡ ಗಣಕ ಪರಿಷತ್ತು ರೂಪಿಸಿದ್ದು. ಉಚಿತವಾಗಿ ಸಿಗುತ್ತದೆ. ಅದನ್ನು ನಾನು ಮೂಲ ಜಾಗದಿಂದ ಇಳಿಸಿದ ಪೂರ್ತಿ ಇನ್‌ಸ್ಟಾಲರಿನಿಂದ ಗ್ರಾಹಕರ ಕಂಪ್ಯೂಟರಿಗೆ ಹಾಕುತ್ತೇನೆ, ಒಳಗಿನ ಫಾಂಟುಗಳನ್ನು ಬಿಡಿಬಿಡಿಯಾಗಿ ಎತ್ತಿ ಹಂಚುವುದಿಲ್ಲ.

ಪ್ರೆಸ್ಸಿನ ಸಮಸ್ಯೆಗೆ ಫಾಂಟ್ ಕಳಿಸುವುದೇ ಬೇಡ. ಫಾಂಟ್ ಎಂಬೆಡ್ ಮಾಡಿದ, ಅಂದರೆ ಒಳಗೇ ಸೇರಿಸಿದ ಪಿಡಿಎಫ್ ಕಳಿಸಿ. ಅದಕ್ಕೂ ಅನುಮತಿ ಇರದ ಫಾಂಟುಗಳಿವೆ, ಆದರೆ ಹೆಚ್ಚಿನವು ಬಿಡುತ್ತವೆ. ಇಲ್ಲಾ ಕೋರಲ್‌ಡ್ರಾದಲ್ಲಿ ಅಕ್ಷರವನ್ನು ಕರ್ವ್ಸ್ ಮಾಡಿಬಿಡಿ. ಅಕ್ಷರ ಚಿತ್ರವಾಗುತ್ತದೆ, ಅಲ್ಲಿ ಒತ್ತಕ್ಷರ ಒಡೆಯುವ ಕಾಟವೂ ತಪ್ಪುತ್ತದೆ. ತಿದ್ದಲು ಬೇಕಾಗಬಹುದು, ಮೂಲ ಫೈಲ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಮದುಮಗನ ಹೆಸರು ಕೊನೇ ಗಳಿಗೆಯಲ್ಲಿ ತಿದ್ದುವುದು ಇದ್ದೇ ಇರುತ್ತದೆ.

ಹಂಚಲು ಬಾರದ್ದನ್ನು ಏನು ಮಾಡುವುದು

ವಸ್ತು ಕೊಡಲು ಬಾರದಿದ್ದರೆ ದಾರಿ ಕೊಡಿ. ಇದನ್ನು ಲಿನಕ್ಸ್ ಮಂದಿ ಬಹಳ ಹಿಂದೆಯೇ ಕಂಡುಕೊಂಡರು. ಮೈಕ್ರೋಸಾಫ್ಟ್ 1996ರಲ್ಲಿ ಏರಿಯಲ್, ಟೈಮ್ಸ್ ನ್ಯೂ ರೋಮನ್, ವರ್ಡಾನಾದಂಥ ಫಾಂಟುಗಳನ್ನು ವೆಬ್‌ಗೆ ಅಂತ ಉಚಿತವಾಗಿ ಬಿಟ್ಟಿತು. ಷರತ್ತು ಏನೆಂದರೆ, ಹಂಚುವುದಾದರೆ ಅವರು ಕೊಟ್ಟ ಎಕ್ಸಿಕ್ಯೂಟಬಲ್ ಫೈಲನ್ನೇ ಹಾಗೇ ಹಂಚಬೇಕು, ಲಾಭಕ್ಕೆ ಮಾರಬಾರದು. 2002ರಲ್ಲಿ ಅವರ ಸೈಟಿನಿಂದ ಅದನ್ನು ತೆಗೆದರು. ಆದರೂ ಹಳೇ ಅನುಮತಿ ಇದ್ದುದರಿಂದ ಆ ಮೂಲ ಫೈಲುಗಳು ಸೋರ್ಸ್‌ಫೋರ್ಜ್ ಅನ್ನುವ ಡೌನ್‌ಲೋಡ್ ಸೈಟಿನಲ್ಲಿ ಉಳಿದವು. ಡೆಬಿಯನ್, ಉಬುಂಟುಗಳಲ್ಲಿ ಈ ಫಾಂಟುಗಳಿಗೆ ಅಂತ ಇರುವ ಪ್ಯಾಕೇಜಿನಲ್ಲಿ ಫಾಂಟ್ ಇಲ್ಲವೇ ಇಲ್ಲ. ಬಳಸುವವರ ಕಂಪ್ಯೂಟರಿನಲ್ಲಿ ಓಡಿ, ಆ ಮೂಲ ಫೈಲನ್ನು ಇಳಿಸಿ, ಅಲ್ಲೇ ಬಿಚ್ಚಿಕೊಡುವ ಒಂದು ಸ್ಕ್ರಿಪ್ಟ್ ಮಾತ್ರ ಇದೆ. ಹಂಚಿದ್ದು ಸ್ಕ್ರಿಪ್ಟ್, ಲೈಸೆನ್ಸ್ ಒಪ್ಪುವುದು ಬಳಸುವವರು.

ವಿಂಡೋಸ್‌ನಲ್ಲಿ ಇದಕ್ಕೆ ವಿನ್‌ಗೆಟ್ ಇದೆ, ಕಮಾಂಡ್ ಕೊಟ್ಟು ಸಾಫ್ಟ್‌ವೇರ್ ಇಳಿಸಿ ಹಾಕಿಕೊಳ್ಳುವ ಸಾಧನ. ನಿಮ್ಮ ಕಂಪ್ಯೂಟರಿನಲ್ಲಿ ಎಕ್ಸ್‌ಪೋರ್ಟ್ ಕಮಾಂಡ್ ಕೊಟ್ಟರೆ ಯಾವ ಯಾವ ಸಾಫ್ಟ್‌ವೇರ್ ಇದೆ ಅನ್ನುವ ಪಟ್ಟಿಯ ಫೈಲ್ ಬರುತ್ತದೆ. ಬೇಡದ್ದನ್ನು ಅಳಿಸಿ, ಆ ಪಟ್ಟಿಯನ್ನು ಪೆನ್‌ಡ್ರೈವ್‌ಗೆ ಹಾಕಿ. ಅವರು ನೆಟ್ ಇರುವ ಜಾಗದಲ್ಲಿ ಇಂಪೋರ್ಟ್ ಕೊಟ್ಟರೆ ಪ್ರತಿಯೊಂದೂ ಆಯಾ ಕಂಪನಿಯ ಜಾಗದಿಂದಲೇ ಇಳಿಯುತ್ತದೆ. ಕ್ರೋಮನ್ನು ನಾನು ಹೀಗೇ ಕೊಡುವುದು. ಅದರ ಬಹುಪಾಲು ಕೋಡ್ ಕ್ರೋಮಿಯಂ ಹೆಸರಲ್ಲಿ ಮುಕ್ತವಾಗಿದ್ದರೂ ಕ್ರೋಮ್ ಗೂಗಲ್‌ನ ಷರತ್ತಿಗೆ ಒಳಪಟ್ಟದ್ದು. ನೆಟ್ ಇಲ್ಲದ ಊರಿನವರಾದರೆ ಲ್ಯಾಪ್‌ಟಾಪನ್ನೇ ಅಂಗಡಿಗೆ ತರಲು ಹೇಳಿ. ನಮ್ಮ ನೆಟ್‌ನಲ್ಲಿ ಅವರ ಕಂಪ್ಯೂಟರಿಗೇ ಇಳಿಸಿ, ಲೈಸೆನ್ಸ್ ಒಪ್ಪುವ ಬಟನ್ ಅವರ ಕೈಯಲ್ಲೇ ಒತ್ತಿಸಿ.

ವಿಂಡೋಸ್ ಮತ್ತು ಎಂಎಸ್ ಆಫೀಸ್ ಬಗ್ಗೆ ಉದ್ದ ಮಾತು ಬೇಡ. ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್ ಆ ಯಂತ್ರಕ್ಕೆ ಕಟ್ಟಿದ್ದು, ಕೀ ಎತ್ತಿ ಇನ್ನೊಂದಕ್ಕೆ ಹಾಕುವಂತಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11 ಹಾಕಲು ಆಗದ ಹಳೇ ಯಂತ್ರಗಳನ್ನು ಹಿಡಿದುಕೊಂಡು ಶಾಲೆಯವರು ಬರುತ್ತಾರೆ. ಅಂಥವಕ್ಕೆ ಲಿನಕ್ಸ್ ಮಿಂಟ್ ಹಾಕಿಕೊಡುತ್ತೇನೆ. ಕಾಪಿ ಮಾಡಲು ಯಾರನ್ನೂ ಕೇಳಬೇಕಿಲ್ಲ.

ವ್ಯಾಪಾರದ ಲೆಕ್ಕ ಬರೆಯುವ ಟ್ಯಾಲಿಯ ಕ್ರ್ಯಾಕ್, ಅಂದರೆ ಬೀಗ ಮುರಿದ ಕಳ್ಳ ಕಾಪಿ, ಕೇಳುವವರು ಅಡಿಕೆ ವ್ಯಾಪಾರದ ಊರಲ್ಲಿ ಜಾಸ್ತಿ. "ಭಾವಾ, ಎಂಗೂ ಒಂದು ಕಾಪಿ ಹಾಕ್ಕೊಡೋ" ಅಂತ ಸಂಬಂಧ ಹಿಡಿದುಕೊಂಡೇ ಬರುತ್ತಾರೆ. ಕಲಿಯುವುದಕ್ಕಾದರೆ ಎಜುಕೇಷನಲ್ ಮೋಡ್ ಇದೆ, ದುಡ್ಡಿಲ್ಲ. ತಿಂಗಳ ಕೆಲವೇ ತಾರೀಖುಗಳಿಗೆ ಎಂಟ್ರಿ ಮಾಡಲು ಬಿಡುತ್ತದೆ, ಕಲಿಕೆಗೆ ಧಾರಾಳ ಸಾಕು. ವ್ಯವಹಾರಕ್ಕಾದರೆ ಕೊಂಡುಕೊಳ್ಳಬೇಕು. ಕ್ರ್ಯಾಕ್ ಮಾಡಿದ ಫೈಲಿನ ಜೊತೆ ಏನು ಒಳಗೆ ಬರುತ್ತದೋ ಯಾರಿಗೆ ಗೊತ್ತು. ವರ್ಷದ ಲೆಕ್ಕವೆಲ್ಲ ಇರುವ ಕಂಪ್ಯೂಟರಿಗೆ ಅದನ್ನು ಬಿಡುವ ಧೈರ್ಯ ನನಗಂತೂ ಇಲ್ಲ.

ಬಿಲ್ಲು, ಫೋಲ್ಡರು

ಬಿಲ್ಲಿನಲ್ಲಿ ಸಾಫ್ಟ್‌ವೇರಿಗೆ ಅಂತ ಬೆಲೆ ಬರೆಯಬೇಡಿ. ಪೆನ್‌ಡ್ರೈವ್ ಇಷ್ಟು, ಹಾಕಿಕೊಟ್ಟ ಕೂಲಿ ಇಷ್ಟು ಅಂತ ಬೇರೆ ಬೇರೆ ಬರೆಯಿರಿ. ಜಿಪಿಎಲ್‌ಗೆ ಇದು ಬೇಕಿಲ್ಲ, ಆದರೆ ಫೈರ್‌ಫಾಕ್ಸ್, ಫಾಂಟುಗಳು ಒಟ್ಟಿಗಿರುವಾಗ ಇದೇ ನೇರ.

ಇನ್‌ಸ್ಟಾಲರನ್ನು ಯಾವಾಗಲೂ ಮೂಲ ಸೈಟಿನಿಂದಲೇ ಇಳಿಸಿ. ಕೆಲವು ಡೌನ್‌ಲೋಡ್ ಸೈಟುಗಳು ಅದೇ ವಿಎಲ್‌ಸಿಗೆ ತಮ್ಮ ಜಾಹೀರಾತಿನ ಹೊದಿಕೆ ಹಾಕಿ ಕೊಡುತ್ತವೆ. ಅದನ್ನು ಹಂಚಿದರೆ ಬೈಗುಳ ನಮಗೆ. ಒಂದೊಂದು ಸಾಫ್ಟ್‌ವೇರಿಗೂ ಒಂದು ಫೋಲ್ಡರ್ ಮಾಡಿ. ಒಳಗೆ ಇನ್‌ಸ್ಟಾಲರ್, ಲೈಸೆನ್ಸ್ ಪಠ್ಯ, ಬೇಕಾದಲ್ಲಿ ಸೋರ್ಸ್, ಮತ್ತೆ ಎಲ್ಲಿಂದ ಯಾವತ್ತು ಇಳಿಸಿದ್ದು ಅಂತ ಎರಡು ಸಾಲು ಕನ್ನಡದಲ್ಲಿ. ವರ್ಷಕ್ಕೊಮ್ಮೆ, ಶಾಲೆ ಶುರುವಾಗುವ ಮೊದಲು, ಎಲ್ಲವನ್ನೂ ಹೊಸ ಆವೃತ್ತಿಗೆ ಬದಲಿಸಿ. ಆಗ ಲೈಸೆನ್ಸ್ ಬದಲಾಗಿದೆಯಾ ಅಂತಲೂ ಕಣ್ಣಾಡಿಸಿ.

ಪೆನ್‌ಡ್ರೈವ್ ಕೊಡುವಾಗ ಮೇಷ್ಟ್ರಿಗೆ ಒಂದು ಮಾತು ಹೇಳಿ. ಪಕ್ಕದ ಶಾಲೆಯವರು ಕೇಳಿದರೆ ಧಾರಾಳವಾಗಿ ಕೊಡಬಹುದು, ಆದರೆ ಫೋಲ್ಡರ್ ಪೂರ್ತಿ ಕಾಪಿ ಮಾಡಿ ಕೊಡಬೇಕು. ಇನ್‌ಸ್ಟಾಲರ್ ಒಂದನ್ನೇ ಎತ್ತಿಕೊಂಡು ಹೋದರೆ ಲೈಸೆನ್ಸ್, ಸೋರ್ಸ್ ಎರಡೂ ಹಿಂದೆ ಉಳಿಯುತ್ತವೆ.